ಬೆಂಕಿ ಬಿದ್ದ ಮೇಲೆ ತೋಡಿದ ಬಾವಿಗಳು

ಕಳೆದ ವರ್ಷ ನಾನೂ ನನ್ನ ಪತ್ನಿಯೂ ಅಬುಧಾಬಿಯಲ್ಲಿರುವ ಮಗಳ ಮನೆಗೆ ಹೊರಟಿದ್ದೆವು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳನ್ನು ಒಪ್ಪಿಸಿ ನಿರಾಳವಾಗಿ ಕುಳಿತಿದ್ದಾಗ ಧ್ವನಿವರ್ಧಕದಲ್ಲಿ ನನ್ನ ಹೆಸರು ಕೇಳಿಸಿತು. 34 ವರ್ಷ ಮಕ್ಕಳ ಹೆಸರು ಕೂಗಿ ಹಾಜರಿ ಹಾಕಿದವನಿಗೆ, ನೂರಾರು ಜನರ ನಡುವೆ ತನ್ನ ಹೆಸರನ್ನೇ ಕೂಗಿಸಿಕೊಳ್ಳುವುದು ಸ್ವಲ್ಪ ಮುಜುಗರದ ಸಂಗತಿ. ಹೋಗಿ ನೋಡಿದರೆ ನಮ್ಮ ಪೆಟ್ಟಿಗೆಯನ್ನು ಬದಿಗೆ ತೆಗೆದಿರಿಸಿದ್ದರು. ಸಮವಸ್ತ್ರದ ತರುಣನೊಬ್ಬ ವಿನಯದಿಂದಲೇ ಕೇಳಿದ: "ಸರ್, ಇದರೊಳಗೆ ಪವರ್ ಬ್ಯಾಂಕ್ ಇದೆಯೇ?"

ಇತ್ತು. ಹಲಸಿನ ಹಪ್ಪಳದ ಕಟ್ಟಿಗೂ ಮೊಮ್ಮಗಳ ಲಂಗಕ್ಕೂ ನಡುವೆ, ಒಡೆಯದಿರಲೆಂದು ಟವೆಲಿನಲ್ಲಿ ಸುತ್ತಿ, ನಾನೇ ಅದನ್ನು ಇಟ್ಟಿದ್ದೆ. ತರುಣ ಅದನ್ನು ಹೊರತೆಗೆದು ನನ್ನ ಕೈಗೆ ಕೊಟ್ಟು, "ಇದನ್ನು ಕೈಚೀಲದಲ್ಲಿ ನಿಮ್ಮ ಜೊತೆಯಲ್ಲೇ ಇಟ್ಟುಕೊಳ್ಳಿ. ಕೆಳಗೆ ಹಾಕುವ ಹಾಗಿಲ್ಲ, ಬೆಂಕಿಯ ಅಪಾಯ" ಎಂದ. ಮರಳಿ ಬಂದು ವಿಷಯ ತಿಳಿಸಿದಾಗ ನನ್ನ ಪತ್ನಿ ಒಂದು ಪ್ರಶ್ನೆ ಹಾಕಿದಳು: "ಬೆಂಕಿಯ ಅಪಾಯ ಇರುವ ವಸ್ತುವನ್ನು ಜನರ ನಡುವೆ ಯಾಕೆ ಇಟ್ಟುಕೊಳ್ಳಬೇಕು? ಕೆಳಗೆ ಪೆಟ್ಟಿಗೆಗಳ ಒಟ್ಟಿಗೆ ಹೋಗುವುದೇ ಒಳ್ಳೆಯದಲ್ಲವಾ?"

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದಿದ್ದು ಬಿ.ಎ., ಬಿ.ಎಡ್.; ಕಲಿಸಿದ್ದು ಕನ್ನಡ ಮತ್ತು ಸಮಾಜ. ವಿಜ್ಞಾನ ನನ್ನ ವಿಷಯವಲ್ಲ. ಆದರೆ ಒಂದು ನಿಯಮ ಏಕಿದೆ ಎಂದು ತಿಳಿಯಬೇಕಾದರೆ ಅದು ಹುಟ್ಟಿದ ದಿನವನ್ನು ಹುಡುಕಬೇಕೆಂದು ಇತಿಹಾಸದ ತರಗತಿಯಲ್ಲಿ ಮಕ್ಕಳಿಗೆ ನಾನೇ ಹೇಳುತ್ತಿದ್ದೆ. ಆ ಮಾತನ್ನು ನನಗೇ ಅನ್ವಯಿಸಿಕೊಂಡು ಹುಡುಕಿದಾಗ ದೊರೆತುದನ್ನು, ಮನೆಗೊಬ್ಬರಂತೆ ಗಲ್ಫಿನ ವಿಮಾನವೇರುವ ನಮ್ಮ ಕಾಸರಗೋಡು ಸೀಮೆಯ ಕನ್ನಡ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಬೆಂಕಿಪೆಟ್ಟಿಗೆಯ ಕಾಲ

ಪ್ರಯಾಣಿಕನ ಜೇಬಿನೊಳಗಿನ ಬೆಂಕಿಗೆ ವಿಮಾನಯಾನ ಹೆದರಿದ್ದು ಇಂದು ನಿನ್ನೆಯ ಮಾತಲ್ಲ. 1936ರಲ್ಲಿ ಜರ್ಮನಿಯ 'ಹಿಂಡನ್‌ಬರ್ಗ್' ಎಂಬ ವಾಯುನೌಕೆ ಅಟ್ಲಾಂಟಿಕ್ ಸಾಗರವನ್ನು ದಾಟತೊಡಗಿತು. 245 ಮೀಟರ್ ಉದ್ದದ ಆ ನೌಕೆಯನ್ನು ಆಕಾಶದಲ್ಲಿ ತೇಲಿಸುತ್ತಿದ್ದುದು ಸುಮಾರು 2 ಲಕ್ಷ ಘನ ಮೀಟರ್ ಜಲಜನಕ, ಒಂದು ಕಿಡಿ ತಾಗಿದರೆ ಹೊತ್ತಿ ಉರಿಯುವ ಅನಿಲ. ಹೀಗಿದ್ದೂ ಧೂಮಪಾನವಿಲ್ಲದೆ ಶ್ರೀಮಂತ ಪ್ರಯಾಣಿಕರು ದಿನಗಟ್ಟಲೆ ಕುಳಿತಿರಲಾರರೆಂದು ಅದರೊಳಗೆ ಧೂಮಪಾನದ ಕೋಣೆಯೊಂದನ್ನು ಕಟ್ಟಲಾಗಿತ್ತು.

ಆ ಕೋಣೆಯ ವ್ಯವಸ್ಥೆ ಗಮನಾರ್ಹವಾದುದು. ಪ್ರಯಾಣಿಕರು ಹತ್ತುವ ಮೊದಲೇ ಅವರ ಬಳಿಯಿದ್ದ ಬೆಂಕಿಪೆಟ್ಟಿಗೆ, ಲೈಟರುಗಳನ್ನು ತೆಗೆದಿರಿಸಿಕೊಳ್ಳುತ್ತಿದ್ದರು. ಸೋರಿದ ಜಲಜನಕ ಒಳನುಗ್ಗದಂತೆ ಕೋಣೆಯೊಳಗಿನ ಗಾಳಿಯ ಒತ್ತಡವನ್ನು ಹೊರಗಿಗಿಂತ ಹೆಚ್ಚಾಗಿ ಇರಿಸಿ, ಎರಡು ಬಾಗಿಲುಗಳನ್ನು ಅಳವಡಿಸಿದ್ದರು. ಇಡೀ ನೌಕೆಗೆ ಒಂದೇ ವಿದ್ಯುತ್ ಲೈಟರ್. ಹೊರಬರುವವರ ಕೈಯಲ್ಲಿ ಉರಿಯುವ ಚುರುಟು ಉಳಿದಿಲ್ಲವೆಂದು ಪರಿಚಾರಕನೊಬ್ಬ ನೋಡಿಕೊಳ್ಳುತ್ತಿದ್ದ. ಅರ್ಥಾತ್, ಬೆಂಕಿಗೆ ಒಂದು ಜಾಗ, ಆ ಜಾಗಕ್ಕೆ ಒಬ್ಬ ಕಾವಲುಗಾರ. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಇಳಿಯುವ ಹೊತ್ತಿಗೆ ಹಿಂಡನ್‌ಬರ್ಗ್ ಉರಿದು 36 ಜನರು ಮಡಿದರು. ಆದರೆ ಆ ಕಿಡಿ ಧೂಮಪಾನದ ಕೋಣೆಯಿಂದ ಹೊರಟುದಲ್ಲ. ಕಾವಲಿದ್ದ ಬೆಂಕಿ ಕಾವಲಿನಲ್ಲೇ ಉಳಿದಿತ್ತು. ಮುಂದಿನ ಕಥೆಗೆ ಈ ಸಂಗತಿ ಬೀಜವಿದ್ದಂತೆ.

ಬಾಗಿಲು ಮುಚ್ಚಿದ ಕೋಣೆಯ ಕಿಡಿ

ಜಲಜನಕದ ನೌಕೆಗಳು ಮರೆಯಾಗಿ ಜೆಟ್ ವಿಮಾನಗಳ ಯುಗ ಬಂದ ಮೇಲೆ ಆ ಭಯವೂ ಮರೆಯಾಯಿತು. ಆಸನದ ತೋಳಿನಲ್ಲೇ ಬೂದಿಬಟ್ಟಲು, ಕುಳಿತಲ್ಲೇ ಸಿಗರೇಟು. 1973ರ ಜುಲೈ 11ರಂದು ಬ್ರೆಜಿಲ್ ದೇಶದ ವಾರಿಗ್ ಸಂಸ್ಥೆಯ ಬೋಯಿಂಗ್ 707 ವಿಮಾನವು ರಿಯೊ ಡಿ ಜನೈರೊದಿಂದ ಹೊರಟು ಪ್ಯಾರಿಸ್ಸನ್ನು ಸಮೀಪಿಸುತ್ತಿದ್ದಾಗ ಹಿಂಭಾಗದ ಶೌಚಾಲಯದಲ್ಲಿ ಬೆಂಕಿ ಕಾಣಿಸಿಕೊಂಡಿತು. ಕಾಗದ ಹಾಕುವ ಬುಟ್ಟಿಗೆ ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕೆಂಬ ಶಂಕೆ ಬಲವಾಗಿತ್ತು. ಓರ್ಲಿ ವಿಮಾನ ನಿಲ್ದಾಣ ಇನ್ನು ಕೆಲವೇ ಕಿಲೋಮೀಟರ್ ಇರುವಾಗ ಪೈಲಟರು ಹೊಲವೊಂದರಲ್ಲಿ ವಿಮಾನವನ್ನು ಇಳಿಸಿದರು. ಒಳಗಿದ್ದ 134 ಮಂದಿಯಲ್ಲಿ 123 ಮಂದಿ ತೀರಿಕೊಂಡರು. ಅವರಲ್ಲಿ ಬಹುತೇಕರನ್ನು ಕೊಂದುದು ಜ್ವಾಲೆಯಲ್ಲ, ಹೊಗೆ.

ಮರುವರ್ಷವೇ ಅಮೆರಿಕದ ವಿಮಾನಯಾನ ಆಡಳಿತವು ಶೌಚಾಲಯದಲ್ಲಿ ಧೂಮಪಾನ ನಿಷೇಧದ ಫಲಕವನ್ನೂ ಬಾಗಿಲ ಬಳಿ ಬೂದಿಬಟ್ಟಲನ್ನೂ ಕಡ್ಡಾಯಗೊಳಿಸಿತು. ಇಂದಿಗೂ ಧೂಮಪಾನವೇ ಇಲ್ಲದ ವಿಮಾನದ ಶೌಚಾಲಯದ ಬಳಿ ಪುಟ್ಟ ಬೂದಿಬಟ್ಟಲು ಇರುವುದನ್ನು ಕಂಡು ಅನೇಕರು ನಗುತ್ತಾರೆ. ಹಿಂದೆ ನಾನೂ ನಕ್ಕಿದ್ದೇನೆ. ಅದರ ಅರ್ಥ ಇಷ್ಟೇ: ನಿಯಮ ಮೀರುವವನೊಬ್ಬ ಎಂದಾದರೂ ಬಂದೇ ಬರುತ್ತಾನೆ, ಅವನ ಕೈಯ ಕಿಡಿ ಕಾಗದದ ಬುಟ್ಟಿಗೆ ಬೀಳದಿರಲಿ.

ಹತ್ತು ವರ್ಷಗಳ ಬಳಿಕ, 1983ರ ಜೂನ್ 2ರಂದು, ಡಲ್ಲಾಸಿನಿಂದ ಟೊರಾಂಟೊ ಕಡೆಗೆ ಹಾರುತ್ತಿದ್ದ ಏರ್ ಕೆನಡಾ ಸಂಸ್ಥೆಯ ಡಿಸಿ-9 ವಿಮಾನದಲ್ಲಿ ಮತ್ತೆ ಶೌಚಾಲಯದ ಕಡೆಯಿಂದಲೇ ಬೆಂಕಿ. ಪೈಲಟರು ಸಿನ್ಸಿನಾಟಿಯಲ್ಲಿ ವಿಮಾನವನ್ನು ಇಳಿಸುವಲ್ಲಿ ಸಫಲರಾದರು. ಆದರೆ ಬಾಗಿಲುಗಳನ್ನು ತೆರೆದು ಒಂದೂವರೆ ನಿಮಿಷ ಕಳೆಯುವಷ್ಟರಲ್ಲಿ, ಹೊರಗಿನ ಗಾಳಿ ಸಿಕ್ಕಿದ ಬೆಂಕಿ ಒಮ್ಮೆಗೇ ಇಡೀ ಕ್ಯಾಬಿನ್ನನ್ನು ಆವರಿಸಿತು. 46 ಮಂದಿಯಲ್ಲಿ 23 ಮಂದಿ ಹೊರಬರಲಿಲ್ಲ. ಬೆಂಕಿಯ ಮೂಲ ಕೊನೆಗೂ ಖಚಿತವಾಗಲಿಲ್ಲ. ಆದರೂ ಶೌಚಾಲಯಗಳಲ್ಲಿ ಹೊಗೆ ಪತ್ತೆಯ ಯಂತ್ರ, ಕಸದ ಬುಟ್ಟಿಯ ಮೇಲೆ ತಾನಾಗಿ ಕೆಲಸ ಮಾಡುವ ನಂದಕ, ಹೊಗೆಯಲ್ಲಿ ತೆವಳಿಕೊಂಡು ಹೋಗುವವರಿಗೆ ದಾರಿ ತೋರಿಸುವ ನೆಲಮಟ್ಟದ ದೀಪಗಳು, ಬೆಂಕಿಯನ್ನು ತಡೆಯುವ ಆಸನದ ಹೊದಿಕೆ, ಇವೆಲ್ಲ ಆ ಬಳಿಕ ಬಂದವು. 1988ರಲ್ಲಿ ಅಮೆರಿಕದ ಕಿರು ಹಾರಾಟಗಳಲ್ಲಿ ಸಿಗರೇಟು ನಿಂತಿತು. 1992ರಲ್ಲಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯು ಎಲ್ಲ ದೇಶಗಳಿಗೂ ಧೂಮಪಾನ ನಿಷೇಧದ ಕರೆ ಕೊಟ್ಟಿತು.

'ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ' ಎಂಬುದು ನಮ್ಮ ಗಾದೆ. ಮುಂದಾಲೋಚನೆ ಇಲ್ಲದವರನ್ನು ಹಂಗಿಸಲು ಅದನ್ನು ಬಳಸುತ್ತೇವೆ. ವಿಮಾನಯಾನದ ನಿಯಮಗಳೆಲ್ಲ ಹೆಚ್ಚುಕಡಿಮೆ ಹೀಗೆ ತೋಡಿದ ಬಾವಿಗಳೇ. ಆದರೆ ಬೆಂಕಿ ಬಿದ್ದವನ ಮನೆ ಉಳಿಯದಿದ್ದರೂ ತೋಡಿದ ಬಾವಿ ಉಳಿಯುತ್ತದೆ. ಮುಂದೆ ಅದೇ ಕೇರಿಯಲ್ಲಿ ಬಾಳುವವರು ಅದರ ನೀರನ್ನು ಸೇದುತ್ತಾರೆ. ಗಾದೆ ಹೇಳದೆ ಬಿಟ್ಟ ಮಾತು ಇದು.

ಕಾಣದ ಕಡೆಯ ಬೆಂಕಿ

ಇನ್ನು ನನ್ನ ಪತ್ನಿ ಕೇಳಿದ 'ಕೆಳಗಿನ' ಜಾಗಕ್ಕೆ ಬರೋಣ. ಪ್ರಯಾಣಿಕರ ಕಾಲಡಿಯಲ್ಲಿ, ಪೆಟ್ಟಿಗೆಗಳನ್ನು ಒಟ್ಟುವ ಸರಕುಕೋಣೆಗೆ ಹಾರಾಟದ ವೇಳೆ ಯಾರೂ ಹೋಗಲಾರರು. 1980ರ ಆಗಸ್ಟ್ 19ರಂದು ಕರಾಚಿಯಿಂದ ಬಂದು ರಿಯಾದ್‌ನಿಂದ ಜಿದ್ದಾಕ್ಕೆ ಹೊರಟ ಸೌದಿಯಾ ಸಂಸ್ಥೆಯ ಟ್ರೈಸ್ಟಾರ್ ವಿಮಾನದಲ್ಲಿ ಹಿಂದಿನ ಸರಕುಕೋಣೆಯಿಂದ ಹೊಗೆ ಎದ್ದಿತು. ವಿಮಾನ ಹಿಂದಿರುಗಿ ರಿಯಾದ್‌ನಲ್ಲಿ ಸುರಕ್ಷಿತವಾಗಿಯೇ ನೆಲಕ್ಕಿಳಿಯಿತು. ಆದರೆ ಬಾಗಿಲು ತೆರೆಯುವಷ್ಟರಲ್ಲಿ ಕಾಲ ಮೀರಿಹೋಗಿತ್ತು. ಒಳಗಿದ್ದ 301 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ.

1996ರ ಮೇ 11ರಂದು ಮಯಾಮಿಯಿಂದ ಹೊರಟ ವ್ಯಾಲ್ಯುಜೆಟ್ ಸಂಸ್ಥೆಯ ಡಿಸಿ-9 ವಿಮಾನವು ಹತ್ತೇ ನಿಮಿಷದಲ್ಲಿ ಫ್ಲಾರಿಡಾದ ಜೌಗುಭೂಮಿಗೆ ಬಿದ್ದು 110 ಮಂದಿ ಸತ್ತರು. ಆ ಮಾದರಿಯ ಸರಕುಕೋಣೆಯನ್ನು ರಚಿಸಿದವರ ತರ್ಕ ಸರಳವಾಗಿತ್ತು: ಕೋಣೆ ಗಾಳಿಯಾಡದಂತೆ ಮುಚ್ಚಿದೆ, ಬೆಂಕಿ ಹತ್ತಿದರೂ ಆಮ್ಲಜನಕ ಮುಗಿದೊಡನೆ ತಾನೇ ನಂದುತ್ತದೆ. ಅಂದು ಅದರೊಳಗೆ ಇದ್ದುದು ವಿಮಾನಗಳಲ್ಲಿ ಉಸಿರಾಟಕ್ಕೆ ಬಳಸುವ ರಾಸಾಯನಿಕ ಆಮ್ಲಜನಕ ಉತ್ಪಾದಕಗಳು. ಅವು ಕಾದು ತಾವೇ ಆಮ್ಲಜನಕವನ್ನು ಹೊರಹಾಕಿದವು. ತನ್ನ ಉಸಿರನ್ನು ತಾನೇ ಕಟ್ಟಿಕೊಂಡು ಬಂದ ಬೆಂಕಿಯನ್ನು ಉಸಿರುಗಟ್ಟಿಸಿ ಕೊಲ್ಲಲಾಗದು ಎಂಬ ಪಾಠವನ್ನು ಆ 110 ಜೀವಗಳು ಕಲಿಸಿದವು. ಅನಂತರ ಇಂತಹ ಸರಕುಕೋಣೆಗಳಿಗೂ ಹೊಗೆ ಪತ್ತೆಯ ಯಂತ್ರವನ್ನು ಮತ್ತು ಹ್ಯಾಲಾನ್ ಎಂಬ ನಂದಕ ಅನಿಲದ ವ್ಯವಸ್ಥೆಯನ್ನು ಕಡ್ಡಾಯಗೊಳಿಸಲಾಯಿತು. ಬೆಂಕಿಯ ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅಷ್ಟರಲ್ಲಿ ಪ್ರಯಾಣಿಕನ ಜೇಬಿಗೆ ಇನ್ನೊಂದು ವಸ್ತು ಸೇರಿಯಾಗಿತ್ತು.

ಬೂದಿ ಮುಚ್ಚಿದ ಕೆಂಡ

ಆ ವಸ್ತುವೇ ಲಿಥಿಯಂ-ಅಯಾನ್ ಬ್ಯಾಟರಿ. 1970ರ ದಶಕದ ತೈಲ ಬಿಕ್ಕಟ್ಟಿನ ದಿನಗಳಲ್ಲಿ ಎಕ್ಸಾನ್ ಕಂಪೆನಿಯಲ್ಲಿ ದುಡಿಯುತ್ತಿದ್ದ ಸ್ಟಾನ್ಲಿ ವಿಟ್ಟಿಂಗ್‌ಹ್ಯಾಮ್ ಅದಕ್ಕೆ ಅಡಿಪಾಯ ಹಾಕಿದರು. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡೆನಫ್ ಕೋಬಾಲ್ಟ್ ಆಕ್ಸೈಡನ್ನು ಬಳಸಿ ಅದರ ಶಕ್ತಿಯನ್ನು ಹೆಚ್ಚಿಸಿದರು. ಶುದ್ಧ ಲಿಥಿಯಂ ಲೋಹ ಬಳಸಿದ ಬ್ಯಾಟರಿಗಳು ಸಿಡಿಯುತ್ತಿದ್ದುದರಿಂದ, 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಲೋಹದ ಬದಲು ಇಂಗಾಲದ ವಸ್ತುವನ್ನು ಬಳಸಿದರು. ತಮ್ಮ ಬ್ಯಾಟರಿಯ ಮೇಲೆ ಭಾರವಾದ ಕಬ್ಬಿಣದ ತುಂಡನ್ನು ಬೀಳಿಸಿ ಅವರು ಪರೀಕ್ಷಿಸಿದಾಗ ಏನೂ ಆಗಲಿಲ್ಲ. ಲಿಥಿಯಂ ಲೋಹದ ಬ್ಯಾಟರಿಯ ಮೇಲೆ ಬೀಳಿಸಿದಾಗ ಅದು ಸಿಡಿಯಿತು. 1991ರಲ್ಲಿ ಸೋನಿ ಕಂಪೆನಿ ಇದನ್ನು ಮಾರುಕಟ್ಟೆಗೆ ತಂದಿತು. ಈ ಮೂವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಆಗ ಗುಡೆನಫ್ ಅವರಿಗೆ 97 ವರ್ಷ.

ಹೀಗೆ ಹುಟ್ಟಿನಲ್ಲೇ ಸುರಕ್ಷತೆಯ ಪರೀಕ್ಷೆ ಎದುರಿಸಿ ಬಂದ ಬ್ಯಾಟರಿಯಲ್ಲೂ ಒಂದು ದೌರ್ಬಲ್ಯ ಉಳಿದುಕೊಂಡಿತು. ಅದರೊಳಗಿನ ದ್ರವ ಉರಿಯಬಲ್ಲದು. ಧನ ಮತ್ತು ಋಣ ಭಾಗಗಳನ್ನು ಬೇರ್ಪಡಿಸುವುದು ಕಾಗದಕ್ಕಿಂತ ತೆಳ್ಳಗಿನ ಒಂದು ಪೊರೆ ಮಾತ್ರ. ತಯಾರಿಕೆಯ ದೋಷದಿಂದಲೋ, ಕೆಳಗೆ ಬಿದ್ದು ಜಜ್ಜಿದ್ದರಿಂದಲೋ, ಅತಿಯಾಗಿ ಚಾರ್ಜ್ ಮಾಡಿದ್ದರಿಂದಲೋ ಆ ಪೊರೆ ಹರಿದರೆ ಒಳಗೇ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಆಗ ಹುಟ್ಟುವ ಶಾಖ ರಾಸಾಯನಿಕ ಕ್ರಿಯೆಯನ್ನು ವೇಗಗೊಳಿಸುತ್ತದೆ, ಆ ಕ್ರಿಯೆ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. ಕ್ಷಣಗಳಲ್ಲಿ ಉಷ್ಣತೆ ಹಲವು ನೂರು ಡಿಗ್ರಿಗೆ ಏರುತ್ತದೆ. ಕೋಬಾಲ್ಟ್ ಆಕ್ಸೈಡ್ ಒಡೆದು ಆಮ್ಲಜನಕವನ್ನೂ ಬಿಡುಗಡೆ ಮಾಡುತ್ತದೆ. ಪಕ್ಕದ ಕೋಶಕ್ಕೆ ಬಿಸಿ ತಗಲಿ ಅದೂ ಸಿಡಿಯುತ್ತದೆ, ದೀಪಾವಳಿಯ ಸರಪಟಾಕಿಯಂತೆ. ಹೊರನೋಟಕ್ಕೆ ತಣ್ಣಗಿರುವ ಬ್ಯಾಟರಿ ಹೀಗೆ ಬೂದಿ ಮುಚ್ಚಿದ ಕೆಂಡವಾಗಬಲ್ಲದು.

ಹ್ಯಾಲಾನ್ ಜ್ವಾಲೆಯನ್ನು ನಂದಿಸುತ್ತದೆ, ಆದರೆ ಕೋಶವನ್ನು ತಣಿಸದು. ಜ್ವಾಲೆ ಅಡಗಿದ ಮೇಲೂ ಒಳಗಿನ ಶಾಖ ಕೋಶದಿಂದ ಕೋಶಕ್ಕೆ ಹಬ್ಬುತ್ತಲೇ ಇರುತ್ತದೆ. ಅದಕ್ಕೆ ಮದ್ದು ನಮ್ಮ ಅಜ್ಜಿಯರಿಗೂ ತಿಳಿದಿದ್ದ ನೀರು. ಅದನ್ನು ಸುರಿಯಲು ಅಲ್ಲಿ ಒಂದು ಕೈ ಬೇಕು.

ದುಬೈಯ ಒಂದು ಸಂಜೆ

1999ರ ಏಪ್ರಿಲ್‌ನಲ್ಲಿ ಜಪಾನಿನಿಂದ ಬಂದ ಲಿಥಿಯಂ ಬ್ಯಾಟರಿಗಳ ಹೊರೆಯೊಂದು ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ನೆಲದ ಮೇಲೆ ಹೊತ್ತಿ ಉರಿದಾಗ ಮೊದಲ ಎಚ್ಚರಿಕೆ ದೊರೆಯಿತು. 2008ರ ಜನವರಿ 1ರಿಂದ ಅಮೆರಿಕವು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಕೂಡದೆಂದು ವಿಧಿಸಿತು. ಆದರೆ ಸರಕಾಗಿ ಅವು ಸಾಗುತ್ತಲೇ ಇದ್ದವು.

2010 ನಮ್ಮ ಸೀಮೆಗೆ ಮರೆಯಲಾಗದ ವರ್ಷ. ಆ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ ಉರಿದಾಗ 158 ಮಂದಿ ಹೋದರು, 8 ಮಂದಿ ಮಾತ್ರ ಉಳಿದರು. ಹೋದವರಲ್ಲಿ ಕಾಸರಗೋಡಿನವರು ಅನೇಕರಿದ್ದರು. ಆ ದುರಂತಕ್ಕೂ ಬ್ಯಾಟರಿಗೂ ಸಂಬಂಧವಿಲ್ಲ. ಆದರೆ 'ವಿಮಾನದ ಬೆಂಕಿ' ಎಂಬ ಎರಡು ಶಬ್ದಗಳು ನಮ್ಮ ಊರುಗಳಲ್ಲಿ ಪತ್ರಿಕೆಯ ಶಬ್ದಗಳಾಗಿ ಉಳಿದಿಲ್ಲವೆಂಬುದನ್ನು ಹೇಳಲು ಅದನ್ನು ನೆನೆಯಬೇಕಾಯಿತು.

ಅದೇ ವರ್ಷ ಸೆಪ್ಟೆಂಬರ್ 3ರ ಸಂಜೆ ಅದೇ ದುಬೈಯಿಂದ ಯುಪಿಎಸ್ ಸಂಸ್ಥೆಯ ಬೋಯಿಂಗ್ 747 ಸರಕು ವಿಮಾನವು ಜರ್ಮನಿಯ ಕಲೋನ್‌ಗೆ ಹೊರಟಿತು. ಸರಕಿನಲ್ಲಿ ಸಾವಿರಾರು ಲಿಥಿಯಂ ಬ್ಯಾಟರಿಗಳಿದ್ದವು. ಅರ್ಧ ಗಂಟೆ ಕಳೆಯುವ ಮೊದಲೇ ಬೆಂಕಿಯ ಎಚ್ಚರಿಕೆ ಮೊಳಗಿತು. ಹೊಗೆ ಚಾಲಕರ ಕೋಣೆಯನ್ನು ತುಂಬಿತು. ಕ್ಯಾಪ್ಟನ್ನರ ಆಮ್ಲಜನಕದ ಪೂರೈಕೆ ನಿಂತಿತು. ಆಸನ ಬಿಟ್ಟು ಎದ್ದ ಅವರು ಮರಳಿ ಬರಲಿಲ್ಲ. ಎದುರಿನ ಮಾಪಕಗಳೂ ಕಾಣದ ಹೊಗೆಯಲ್ಲಿ ಸಹಚಾಲಕರು ಒಬ್ಬರೇ, ಸುತ್ತಲಿನ ಇತರ ವಿಮಾನಗಳವರು ರೇಡಿಯೊದಲ್ಲಿ ದಾಟಿಸುತ್ತಿದ್ದ ಮಾತುಗಳನ್ನು ಆಧರಿಸಿ ದುಬೈಯವರೆಗೆ ವಿಮಾನವನ್ನು ಮರಳಿ ತಂದರು. ಇಳಿಸಲು ಮಾತ್ರ ಆಗಲಿಲ್ಲ. ಜನವಸತಿಯ ಅಂಚಿನಲ್ಲಿ ವಿಮಾನ ಬಿದ್ದು ಇಬ್ಬರೂ ಮಡಿದರು. ಮರುವರ್ಷ ಜುಲೈ 28ರಂದು ಕೊರಿಯಾದ ಜೆಜು ದ್ವೀಪದ ಬಳಿ, ಲಿಥಿಯಂ ಬ್ಯಾಟರಿಗಳನ್ನೂ ಉರಿಯುವ ದ್ರವಗಳನ್ನೂ ಹೊತ್ತಿದ್ದ ಏಷಿಯಾನಾ ಸರಕು ವಿಮಾನ ಸಮುದ್ರಕ್ಕೆ ಬಿದ್ದು ಮತ್ತಿಬ್ಬರು ಹೋದರು.

ಈ ನಾಲ್ವರು ಪೈಲಟರ ಬೂದಿಯ ಮೇಲೆ ಬರೆದ ನಿಯಮ 2016ರ ಏಪ್ರಿಲ್ 1ರಂದು ಜಾರಿಗೆ ಬಂತು. ಪ್ರಯಾಣಿಕರ ವಿಮಾನದಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಸರಕಾಗಿ ಸಾಗಿಸಕೂಡದು. ಸರಕು ವಿಮಾನದಲ್ಲಾದರೂ 30 ಶೇಕಡಾಕ್ಕಿಂತ ಹೆಚ್ಚು ಚಾರ್ಜ್ ಇರಕೂಡದು.

ಕಣ್ಣೆದುರು ಇದ್ದರೆ

ಈಗ ಅದರ ಮಗ್ಗುಲಿಗೆ ಬೇರೆರಡು ಘಟನೆಗಳನ್ನು ಇಟ್ಟು ನೋಡಬೇಕು. 2016ರ ಸೆಪ್ಟೆಂಬರ್ 23ರಂದು ಸಿಂಗಾಪುರದಿಂದ ಚೆನ್ನೈಗೆ ಬರುತ್ತಿದ್ದ ಇಂಡಿಗೊ ವಿಮಾನದಲ್ಲಿ, ತಲೆಯ ಮೇಲಿನ ಸಾಮಾನು ಗೂಡಿನಿಂದ ಹೊಗೆಯ ವಾಸನೆ ಬಂತು. ಸಿಬ್ಬಂದಿ ಆ ಸಾಲಿನ ಪ್ರಯಾಣಿಕರನ್ನು ಬೇರೆಡೆ ಕೂರಿಸಿ ಗೂಡನ್ನು ತೆರೆದಾಗ ಚೀಲದೊಳಗೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 2 ಫೋನು ಹೊಗೆಯಾಡುತ್ತಿತ್ತು. ನಂದಕವನ್ನು ಪ್ರಯೋಗಿಸಿ, ನೀರು ತುಂಬಿದ ಪಾತ್ರೆಯಲ್ಲಿ ಅದನ್ನು ಮುಳುಗಿಸಿ ಶೌಚಾಲಯದಲ್ಲಿರಿಸಿದರು. ವಿಮಾನ ಸುಖವಾಗಿ ಚೆನ್ನೈಗೆ ಇಳಿಯಿತು. 2017ರ ಫೆಬ್ರವರಿಯಲ್ಲಿ ಬೀಜಿಂಗ್‌ನಿಂದ ಮೆಲ್ಬರ್ನ್‌ಗೆ ಹೋಗುತ್ತಿದ್ದ ವಿಮಾನದಲ್ಲಿ ಹಾಡು ಕೇಳುತ್ತಾ ನಿದ್ರಿಸಿದ್ದ ಮಹಿಳೆಯೊಬ್ಬರ ಕಿವಿಯ ಮೇಲಿನ ಹೆಡ್‌ಫೋನು ಸಿಡಿಯಿತು. ಅವರು ಅದನ್ನು ಕಿತ್ತು ನೆಲಕ್ಕೆಸೆದರು; ಸಿಬ್ಬಂದಿ ನೀರು ಸುರಿದರು. ಮುಖ ಕಪ್ಪಾಯಿತು, ಕೈ ಸುಟ್ಟಿತು, ವಿಮಾನ ಉಳಿಯಿತು.

ದುಬೈಯ ಆ ಬೆಂಕಿಗೂ ಚೆನ್ನೈಯ ಈ ಬೆಂಕಿಗೂ ಮೂಲ ಒಂದೇ. ಗಾತ್ರ ಬೇರೆ, ನಿಜ. ಆದರೆ ಇನ್ನೊಂದು ಭೇದವಿದೆ: ಒಂದನ್ನು ಹುಟ್ಟುವಾಗ ಯಾರೂ ನೋಡಲಿಲ್ಲ, ಇನ್ನೊಂದನ್ನು ನೋಡಿದರು. ಹೊಗೆಯಾಡುವ ಫೋನಿಗೆ ಮನುಷ್ಯರ ನಡುವೆ ಇರುವಾಗ ಒಂದು ಮೂಗು, ಎರಡು ಕಣ್ಣು, ಒಂದು ತಂಬಿಗೆ ನೀರು ಸಿಗುತ್ತವೆ. ಪೆಟ್ಟಿಗೆಗಳ ರಾಶಿಯ ನಡುವೆ ಅದಕ್ಕೆ ಸಿಗುವುದು ಬಟ್ಟೆ ಮತ್ತು ಕತ್ತಲೆ.

2017ರ ಮಾರ್ಚ್‌ನಲ್ಲಿ ಅಮೆರಿಕವು ಬಾಂಬಿನ ಭಯದಿಂದ ದುಬೈ, ಅಬುಧಾಬಿ, ದೋಹಾ ಮೊದಲಾದ 10 ವಿಮಾನ ನಿಲ್ದಾಣಗಳಿಂದ ಬರುವವರು ಲ್ಯಾಪ್‌ಟಾಪುಗಳನ್ನು ಕೈಚೀಲದಲ್ಲಿ ತರದೆ ಕೆಳಗೆ ಒಪ್ಪಿಸಬೇಕೆಂದು ವಿಧಿಸಿತು. ಒಂದು ಅಪಾಯವನ್ನು ತಪ್ಪಿಸಲು ಇನ್ನೊಂದಕ್ಕೆ ಬಾಗಿಲು ತೆರೆದಂತಾಯಿತೆಂದು ಸುರಕ್ಷತಾ ತಜ್ಞರು ಎಚ್ಚರಿಸಿದರು. ಜುಲೈ ಹೊತ್ತಿಗೆ ಆ ಆಜ್ಞೆ ತೆರವಾಯಿತು. ಅದೇ ವರ್ಷ ಅಮೆರಿಕದ ವಿಮಾನಯಾನ ಆಡಳಿತವು ಲ್ಯಾಪ್‌ಟಾಪ್ ಒಂದರ ಬ್ಯಾಟರಿಯನ್ನು ಬೇಕೆಂದೇ ಕಾಯಿಸಿ, ಪಕ್ಕದಲ್ಲಿ ತಲೆಗೂದಲಿಗೆ ಸಿಂಪಡಿಸುವ ಶಾಂಪೂ ಡಬ್ಬಿಯನ್ನಿಟ್ಟು, ಪೆಟ್ಟಿಗೆ ಮುಚ್ಚಿ ಪರೀಕ್ಷಿಸಿತು. ಒಂದು ನಿಮಿಷದೊಳಗೆ ಡಬ್ಬಿ ಸ್ಫೋಟಿಸಿತು. ಇಂತಹ ಸ್ಫೋಟ ಸರಕುಕೋಣೆಯ ರಕ್ಷಣೆಯನ್ನೇ ಮುರಿದು ಹ್ಯಾಲಾನನ್ನು ನಿಷ್ಫಲಗೊಳಿಸಬಹುದೆಂಬುದು ಆ ಪರೀಕ್ಷೆಯಿಂದ ತಿಳಿದ ಪಾಠ.

ತಲೆಯ ಮೇಲಿನಿಂದ ಮಡಿಲಿಗೆ

ಕ್ಯಾಬಿನ್ನಿನೊಳಗೂ ಕಣ್ಣಿಗೆ ಮರೆಯಾದ ಒಂದು ಮೂಲೆಯಿದೆ: ತಲೆಯ ಮೇಲಿನ ಸಾಮಾನು ಗೂಡು. 2025ರ ಜನವರಿ 28ರ ರಾತ್ರಿ ಕೊರಿಯಾದ ಬುಸಾನ್‌ನಿಂದ ಹಾಂಗ್‌ಕಾಂಗ್‌ಗೆ ಹೊರಡಲಿದ್ದ ಏರ್ ಬುಸಾನ್ ಸಂಸ್ಥೆಯ ಏರ್‌ಬಸ್ ವಿಮಾನದ ಹಿಂಭಾಗದ ಗೂಡಿನಲ್ಲಿ ಬೆಂಕಿ ಹೊತ್ತಿತು. ಒಳಗಿದ್ದ 176 ಮಂದಿಯೂ ಜಾರುಬಂಡೆಗಳ ಮೂಲಕ ಹೊರಬಂದರು. ವಿಮಾನದ ಛಾವಣಿ ಸುಟ್ಟುಹೋಯಿತು. ಪವರ್ ಬ್ಯಾಂಕ್ ಒಂದರ ಒಳಗಿನ ನಿರೋಧಕ ಕೆಟ್ಟುದೇ ಕಾರಣವಿರಬಹುದೆಂದು ಮಾರ್ಚ್ ತಿಂಗಳಲ್ಲಿ ಅಲ್ಲಿನ ಸಾರಿಗೆ ಸಚಿವಾಲಯ ತಿಳಿಸಿತು. ವಿಮಾನ ಇನ್ನೂ ನೆಲದ ಮೇಲೆಯೇ ಇತ್ತು. ಅದೇ ಬೆಂಕಿ ಸಮುದ್ರದ ಮೇಲೆ, ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಹತ್ತಿದ್ದರೆ ಏನಾಗುತ್ತಿತ್ತೆಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

ಆ ಬಳಿಕ ಬಾವಿ ತೋಡುವ ಕೆಲಸ ಚುರುಕಾಯಿತು. 2025ರ ಮಾರ್ಚ್ 1ರಿಂದ ಕೊರಿಯಾ, ಜುಲೈಯಿಂದ ಜಪಾನ್, ಪವರ್ ಬ್ಯಾಂಕನ್ನು ಮೇಲಿನ ಗೂಡಿನಲ್ಲಿ ಇಡಕೂಡದೆಂದವು. ನಮ್ಮವರು ಬಹಳವಾಗಿ ಪ್ರಯಾಣಿಸುವ ಎಮಿರೇಟ್ಸ್ ಸಂಸ್ಥೆಯು ಅಕ್ಟೋಬರ್ 1ರಿಂದ, ಒಬ್ಬರು ಒಂದನ್ನು ಮಾತ್ರ ಒಯ್ಯಬಹುದು, ಹಾರಾಟದಲ್ಲಿ ಅದನ್ನು ಬಳಸುವಂತಿಲ್ಲ ಎಂದಿತು. ಅದೇ ಅಕ್ಟೋಬರ್ 19ರಂದು ದಿಲ್ಲಿಯಿಂದ ದಿಮಾಪುರಕ್ಕೆ ಹೊರಟ ವಿಮಾನ ನೆಲದ ಮೇಲೆ ಚಲಿಸುತ್ತಿದ್ದಾಗ ಪ್ರಯಾಣಿಕರೊಬ್ಬರ ಪವರ್ ಬ್ಯಾಂಕಿಗೆ ಬೆಂಕಿ ಹತ್ತಿತು. ಅದು ಆಸನದ ಹಿಂದಿನ ಜೇಬಿನಲ್ಲಿ, ಕಣ್ಣೆದುರೇ ಇತ್ತು. ಸಿಬ್ಬಂದಿ ಕೂಡಲೇ ನಂದಿಸಿದರು. ಯಾರಿಗೂ ಏನೂ ಆಗಲಿಲ್ಲ.

ಸರಕುಕೋಣೆಯಿಂದ ಕ್ಯಾಬಿನ್ನಿಗೆ, ತಲೆಯ ಮೇಲಿನ ಗೂಡಿನಿಂದ ಮಡಿಲಿಗೆ: ಐವತ್ತು ವರ್ಷಗಳ ದುರಂತಗಳು ಈ ಕೆಂಡವನ್ನು ಹೆಜ್ಜೆಹೆಜ್ಜೆಯಾಗಿ ಮನುಷ್ಯನ ಕಣ್ಣಿನ ಹತ್ತಿರಕ್ಕೆ ತಂದಿವೆ. ಹಿಂಡನ್‌ಬರ್ಗಿನಲ್ಲಿ ಬೆಂಕಿಗೊಬ್ಬ ಕಾವಲುಗಾರನಿದ್ದ. ಇಂದು ನೂರೆಂಬತ್ತು ಆಸನಗಳ ವಿಮಾನದಲ್ಲಿ ಅಷ್ಟೇ ಫೋನುಗಳಿರುವಾಗ ಅಷ್ಟು ಕಾವಲುಗಾರರನ್ನು ಯಾರು ನೇಮಿಸಬಲ್ಲರು? ಆ ಕೆಲಸ ಪ್ರಯಾಣಿಕನಿಗೇ ಬಂದಿದೆ.

ಕರಿಹಲಗೆಯ ಮೇಲಿನ ಕೊನೆಯ ಮಾತು

ಅಧ್ಯಾಪಕನ ಅಭ್ಯಾಸಬಲದಿಂದ ಕೆಲವನ್ನು ಬಿಡಿಸಿ ಬರೆಯುತ್ತೇನೆ. ಸಾಮಾನ್ಯವಾಗಿ 100 ವ್ಯಾಟ್-ಅವರ್ ಮೀರದ ಬ್ಯಾಟರಿಗೆ ಅನುಮತಿಯಿದೆ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಲೆಕ್ಕ ಸುಲಭ: ಪವರ್ ಬ್ಯಾಂಕಿನ ಮೇಲೆ ಬರೆದ ಮಿಲಿಆಂಪ್-ಅವರ್ ಸಂಖ್ಯೆಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 10,000 ಎಂದಿದ್ದರೆ 37; 20,000 ಎಂದಿದ್ದರೆ 74; ಸುಮಾರು 27,000ಕ್ಕೆ ನೂರು ಮುಟ್ಟುತ್ತದೆ. ಅಕ್ಷರ ಅಳಿಸಿಹೋದ, ಉಬ್ಬಿದ, ಬಿದ್ದು ಜಜ್ಜಿದ ಬ್ಯಾಟರಿಯನ್ನು ಮನೆಯಲ್ಲೇ ಬಿಡಿ. ಕೈಚೀಲಕ್ಕೆ ಜಾಗವಿಲ್ಲವೆಂದು ವಿಮಾನದ ಬಾಗಿಲಲ್ಲಿ ಅದನ್ನು ಕೆಳಗೆ ಹಾಕಲು ಕೇಳಿದರೆ ಮೊದಲು ಪವರ್ ಬ್ಯಾಂಕನ್ನು ಹೊರತೆಗೆದುಕೊಳ್ಳಿ. ಫೋನು ಆಸನದ ಸಂದಿಗೆ ಬಿದ್ದರೆ ಆಸನವನ್ನು ಹಿಂದೆ ಮುಂದೆ ಸರಿಸಬೇಡಿ. ಸಂದಿಯಲ್ಲಿ ನುಜ್ಜಾದ ಫೋನು ಹೊಗೆಯಾಡಿದ ಪ್ರಸಂಗಗಳಿವೆ. ಸಿಬ್ಬಂದಿಯನ್ನು ಕರೆಯಿರಿ. ಕೈಯಲ್ಲಿರುವ ಸಾಧನ ಅಸಹಜವಾಗಿ ಬಿಸಿಯಾದರೆ ನಾಚಿಕೆಪಟ್ಟು ಬಚ್ಚಿಡಬೇಡಿ. ಆ ಒಂದು ನಿಮಿಷದ ಸಂಕೋಚ ಎಷ್ಟು ದುಬಾರಿಯಾಗಬಲ್ಲುದೆಂದು ಮೇಲಿನ ಪುಟಗಳು ಹೇಳುತ್ತವೆ.

ಕೊನೆಯದಾಗಿ ನಮ್ಮ ಸಂಘದ ಹಿರಿಯರಲ್ಲಿ ಒಂದು ಅರಿಕೆ. ಮಗಳ ಬಾಣಂತನಕ್ಕೆಂದೋ ಮಗನ ಗೃಹಪ್ರವೇಶಕ್ಕೆಂದೋ ಒಂಟಿಯಾಗಿ ಗಲ್ಫಿಗೆ ಹೊರಡುವ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ. ಕನ್ನಡ, ತುಳು, ಬ್ಯಾರಿ ಬಿಟ್ಟು ಬೇರೆ ಮಾತು ತಿಳಿಯದ ಅವರಿಗೆ ವಿಮಾನದೊಳಗಿನ ಸೂಚನೆಗಳು ಕಿವಿಗೆ ಬಿದ್ದರೂ ಮನಸ್ಸಿಗೆ ಮುಟ್ಟುವುದಿಲ್ಲ. ನಾವು ಭಾಷೆಯನ್ನು ಉಳಿಸಬೇಕೆಂದು ಸಮ್ಮೇಳನ ನಡೆಸುತ್ತೇವೆ. ಉಳಿದ ಭಾಷೆ ಇಂತಹ ಕೆಲಸಕ್ಕೂ ಒದಗಬೇಕಲ್ಲವೇ? ಮೇಲಿನ ಹತ್ತು ಸಾಲುಗಳನ್ನು ಕನ್ನಡದಲ್ಲಿ ಒಂದು ಕರಪತ್ರವಾಗಿ ಮುದ್ರಿಸಿ ಗಡಿನಾಡಿನ ಮನೆಗಳಿಗೆ ತಲುಪಿಸಿದರೆ ಅದೂ ಕನ್ನಡದ ಕೆಲಸವೇ. ಬೆಂಕಿ ಬೀಳುವ ಮೊದಲೇ ತೋಡಿದ ಬಾವಿ ಅದಾಗುತ್ತದೆ.

ಅಬುಧಾಬಿಯಿಂದ ಮರಳುವಾಗ ಪವರ್ ಬ್ಯಾಂಕ್ ನನ್ನ ಅಂಗಿಯ ಜೇಬಿನಲ್ಲಿತ್ತು. ಪತ್ನಿಯ ಪ್ರಶ್ನೆಗೆ ಆಗ ಉತ್ತರ ಸಿದ್ಧವಿತ್ತು: "ಕೆಳಗೆ ಇಟ್ಟರೆ ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೀವು ನಿದ್ದೆ ಮಾಡಬೇಡಿ" ಎಂದಳು. ಮಂಗಳೂರಿನ ದೀಪಗಳು ಕಾಣುವವರೆಗೂ ನಾನು ಎಚ್ಚರವಾಗಿಯೇ ಇದ್ದೆ.